ಚಿಲುಮೆಗೆ ಹಾಕಿದ ಉಪ್ಪು

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬಲಗೈ ಹೆಬ್ಬೆರಳ ಮೇಲೆ ಮೂರು ನರಹುಲಿ ಎದ್ದವು. ಮೊದಲು ಬ್ಲೇಡಿನಲ್ಲಿ ಕೆರೆದೆ. ಆಮೇಲೆ ಯಾರೋ ಹೇಳಿದರೆಂದು ಸುಣ್ಣಕ್ಕೆ ಬಟ್ಟೆಸೋಡಾ ಕಲಸಿ ಮೆತ್ತಿ, ಸುತ್ತಲಿನ ಚರ್ಮವನ್ನೂ ಸುಟ್ಟುಕೊಂಡೆ. ಕೊನೆಗೆ ನಮ್ಮಜ್ಜಿ ಒಂದು ಹಿಡಿ ಕಲ್ಲುಪ್ಪು, ಏಳು ಕಾಳು ಮೆಣಸನ್ನು ಹಳೇ ಬಟ್ಟೆ ಚೂರಿನಲ್ಲಿ ಗಂಟು ಕಟ್ಟಿ, ಬೆಳಿಗ್ಗೆ ಮುಖ ತೊಳೆಯುವ ಮೊದಲೇ ನನ್ನನ್ನು ತೆಂಗಿನ ತೋಟದಾಚೆಯ ಹಳ್ಳಕ್ಕೆ ಎಳಕೊಂಡು ಹೋದಳು. ಅಲ್ಲೊಂದು ಚಿಲುಮೆಯಿತ್ತು. “ಉಪ್ಪು ಕರಗ್ದಂಗೆ ಕರಗ್ಲಿ ಅಂತ ಮನಸ್ನಾಗೆ ಅನ್ಕೊಂಡು ಹಾಕು ಮಗ. ಹಾಕಿದ್ ಮ್ಯಾಕೆ ತಿರುಗಿ ನೋಡ್ಬ್ಯಾಡ” ಅಂದಳು. ಹಾಕಿದೆ. ತಿರುಗಿ ನೋಡದೆ ಮನೆತನಕ ನಡೆಯುವುದು ನರಹುಲಿಗಿಂತ ದೊಡ್ಡ ಸಂಕಟವಾಗಿತ್ತು. ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಮೂರೂ ಉದುರಿಹೋದವು. ಅಜ್ಜಿ ಗೆದ್ದಳು.

ಮಕ್ಕಳ ನರಹುಲಿಗಳಲ್ಲಿ ಬಹುಪಾಲು ಎರಡು ವರ್ಷದೊಳಗೆ ಮದ್ದಿಲ್ಲದೆ ತಾವಾಗಿಯೇ ಹೋಗುತ್ತವೆ ಎಂದು ಚರ್ಮವೈದ್ಯರ ಬಾಯಲ್ಲಿ ಕೇಳಿದ್ದು ತೀರ ಈಚೆಗೆ. ಅದೊಂದು ವೈರಸ್ಸಿನ ಕೆಲಸ. ಮೈ ಅದನ್ನು ಗುರುತು ಹಿಡಿದು ಎದುರಿಸಲು ಕಲಿತ ದಿನ ಗಂಟು ಉದುರುತ್ತದೆ. ಅಲ್ಲಿಯವರೆಗೆ ಹುಡುಗ ಬ್ಲೇಡು ಹಿಡಿಯದಂತೆ, ಸುಣ್ಣ ಮೆತ್ತದಂತೆ ನೋಡಿಕೊಳ್ಳಬೇಕು, ಅಷ್ಟೆ. ಅಜ್ಜಿಯ ಉಪ್ಪು ಆ ಕೆಲಸವನ್ನಂತೂ ಮಾಡಿತು. ಉಪ್ಪು ಹಾಕಿದ ಮೇಲೆ ನಾನು ಬೆರಳನ್ನು ಮುಟ್ಟಲಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಚಿಲುಮೆ ಎಂಬ ಮಾತಿಗೆ ಎರಡು ಅರ್ಥ. ಬಂಡೆ ಸಂದಿನಿಂದ ತಾನಾಗಿ ಉಕ್ಕಿ ಬರುವುದು ಒಂದು ಚಿಲುಮೆ. ಬೇಸಿಗೆಯಲ್ಲಿ ಒಣಗಿ ಬಿದ್ದ ಹಳ್ಳದ ಮರಳನ್ನು ಮೊಳದುದ್ದ ತೋಡಿ, ನೀರು ಜಿನುಗುವವರೆಗೆ ಕಾದು ಕೂರುವುದು ಇನ್ನೊಂದು. ಈ ಎರಡನೆಯದನ್ನು ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗುಳಿ ತೋಡಿದ ಕೂಡಲೇ ಬರುವ ನೀರು ಕದಡಿರುತ್ತದೆ. ಅದನ್ನು ಮೊಗೆದು ಆಚೆ ಚೆಲ್ಲಬೇಕು. ಎರಡನೇ ಸಲದ್ದು ಮಜ್ಜಿಗೆ ಬಣ್ಣ, ಅದನ್ನೂ ಚೆಲ್ಲಬೇಕು. ಮೂರನೆಯದೋ ನಾಲ್ಕನೆಯದೋ ತಿಳಿಯಾಗಿ, ತಳದ ಮರಳಿನ ಕಾಳು ಕಾಣುವಂತೆ ನಿಲ್ಲುತ್ತದೆ. ಮೊಗೆಯುವುದಕ್ಕೆ ಚೊಂಬು ದೊಡ್ಡದಾಯಿತು, ಒಳಗಿಳಿಸಿದರೆ ಗುಳಿಯ ಅಂಚು ಕುಸಿಯುತ್ತದೆ. ಅದಕ್ಕೆ ತೆಂಗಿನ ಚಿಪ್ಪೇ ಆಗಬೇಕು. ಚಿಪ್ಪು ಚಿಪ್ಪಾಗಿ ಬಿಂದಿಗೆ ತುಂಬುವಷ್ಟರಲ್ಲಿ ಊರಿನ ಅರ್ಧ ಸುದ್ದಿ ಮುಗಿದಿರುತ್ತಿತ್ತು. ಎದ್ದು ಬರುವಾಗ ಗುಳಿಯ ಬಾಯಿಗೆ ಮುಳ್ಳಿನ ಕೊಂಬೆ ಮುಚ್ಚಿ, ಚಿಪ್ಪನ್ನು ಪಕ್ಕದ ಕಲ್ಲಿನ ಮೇಲೆ ಬೋರಲು ಹಾಕಿ ಬರಬೇಕು. ಚಿಪ್ಪನ್ನು ಮನೆಗೆ ಒಯ್ಯುವ ಹಾಗಿಲ್ಲ. ಒಯ್ದರೆ ಗಂಗಮ್ಮ ಮುನಿಯುತ್ತಾಳೆ ಅಂತಿದ್ದರು; ಅದಕ್ಕಿಂತ ಹೆಚ್ಚಾಗಿ, ಹಿಂದೆ ಬರುವವಳು ಬಾಯಿಗೆ ಬಂದಂತೆ ಬೈಯುತ್ತಿದ್ದಳು.

ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನೆಲ ನಮ್ಮದು. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲ. ಇಷ್ಟು ತೆಂಗು ಇಲ್ಲಿ ಹೇಗೆ ನಿಂತಿತು ಎಂದು ಮಲೆನಾಡಿನಿಂದ ಬಂದವರು ಕೇಳುತ್ತಾರೆ. ಕೆರೆಗಳ ಹಿಂದೆ ಮುಂದೆ, ಹಳ್ಳದ ಅಕ್ಕಪಕ್ಕ, ಎಲ್ಲಿ ನೆಲದೊಳಗೆ ತೇವ ಉಳಿಯುತ್ತಿತ್ತೋ ಅಲ್ಲಿ ನಿಂತಿತು. ಹಾಗಾಗಿ ಬೇಸಿಗೆಯಲ್ಲೂ ಬತ್ತದ ಒಂದು ಒರತೆ ಕಂಡರೆ ಅದು ದೇವರಾಗುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ. ಚಿಕ್ಕನಾಯಕನಹಳ್ಳಿ ಬೆಟ್ಟಸಾಲಿನಲ್ಲಿ ತೀರ್ಥರಾಮಪುರ ಎಂಬ ಊರೇ ಇದೆ. ನೀರು ಮೊದಲು, ರಾಮ ಆಮೇಲೆ, ಊರು ಕೊನೆಗೆ. ಇದೇ ಬೆಟ್ಟಸಾಲಿನ ನೀರು ಸುವರ್ಣಮುಖಿಯಾಗಿ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಟ್ಟಿದ ಬೋರನಕಣಿವೆ ಜಲಾಶಯಕ್ಕೆ ಸೇರುತ್ತದೆ. ಅಲ್ಲಿಂದ ಮುಂದೆ ಹಿರಿಯೂರಿನ ಕಡೆಗೆ ಹೋಗಿ ವೇದಾವತಿಯನ್ನು ಕೂಡುತ್ತದೆ.

ಅದೇ ಸೀಮೆಯ ಮದಲಿಂಗನ ಕಣಿವೆಗೆ ಒಂದು ನೀರಡಿಕೆಯ ಕತೆ ಅಂಟಿಕೊಂಡಿದೆ. ನಮ್ಮಜ್ಜಿ ಹೇಳುತ್ತಿದ್ದ ಬಗೆಯಲ್ಲಿ ಹೇಳುವುದಾದರೆ, ಹೊಸ ಮದಲಿಂಗ ಹೆಂಡತಿಯ ಜೊತೆ ಬಂದ ನಾದಿನಿಯನ್ನೂ ಕೊಡಿ ಎಂದ. ಬೆಟ್ಟವನ್ನು ಹಿಮ್ಮುಖವಾಗಿ ನಡೆದು ತೋರಿಸು, ಕೊಡುತ್ತೇವೆ ಎಂದು ಮಾವನ ಮನೆಯವರು ಪಂಥ ಕಟ್ಟಿದರು. ಅವನು ಗೆದ್ದ. ಗೆದ್ದವನು ನೀರು ನೀರು ಎನ್ನುತ್ತ ಅಲ್ಲೇ ಪ್ರಾಣ ಬಿಟ್ಟ. ಕತೆ ಮುಗಿಸಿ ಅಜ್ಜಿ ಪ್ರತಿ ಸಲ ಒಂದು ಮಾತು ಸೇರಿಸುತ್ತಿದ್ದಳು: “ಅಲ್ಲೊಂದು ಚಿಲುಮೆ ಇದ್ದಿದ್ರೆ ಇಬ್ರು ಹೆಣ್ಮಕ್ಕಳ ಬಾಳು ಉಳೀತಿತ್ತು.”

ನಮ್ಮ ಜಿಲ್ಲೆಯ ಅತಿ ಹೆಸರಾದ ಚಿಲುಮೆ ಇರುವುದು ತುಮಕೂರಿನ ಪಕ್ಕ, ದೇವರಾಯನದುರ್ಗದ ತಪ್ಪಲಿನ ಕಾಡಿನಲ್ಲಿ. ನಾಮದ ಚಿಲುಮೆ. ವನವಾಸದಲ್ಲಿ ಈ ದಾರಿಯಾಗಿ ಬಂದ ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ಹೊರಟ, ನಾಮ ತೇಯಲು ನೀರು ಸಿಗಲಿಲ್ಲ, ಬಂಡೆಗೆ ಬಾಣ ಹೊಡೆದ, ನೀರು ಚಿಮ್ಮಿತು. ನನಗೆ ಈ ಕತೆಯಲ್ಲಿ ಇಷ್ಟವಾಗುವುದು ಕಾರಣದ ಸಣ್ಣತನ. ಸೀತೆಗೆ ಬಾಯಾರಿತ್ತು ಅಂತಲೋ ಲಕ್ಷ್ಮಣ ಬಳಲಿದ್ದ ಅಂತಲೋ ಹೇಳಬಹುದಿತ್ತು. ಜನ ಹಾಗೆ ಹೇಳಲಿಲ್ಲ. ಬೆಳಗಾಗೆದ್ದು ಸ್ನಾನ ಮಾಡಿ ಹಣೆಗೆ ಇಟ್ಟುಕೊಳ್ಳುವ ನಿತ್ಯದ ಕೆಲಸಕ್ಕೇ ನೀರಿಲ್ಲದ ನೆಲವಿದು ಎಂದು ಅವರಿಗೆ ಗೊತ್ತಿತ್ತು. ನ್ಯಾಮತಿ ಕಡೆಯ ಬೆಳಗುತ್ತಿಯ ತೀರ್ಥರಾಮೇಶ್ವರದಲ್ಲೂ ರಾಮನ ಬಾಣದ ಕತೆಯೇ ಇದೆ.

ನಾಮದ ಚಿಲುಮೆಯಲ್ಲಿ ಈಗ ಅರಣ್ಯ ಇಲಾಖೆಯ ಜಿಂಕೆವನವಿದೆ, ಔಷಧಿ ಗಿಡಗಳ ತೋಟವಿದೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಇಲ್ಲಿನ ಅರಣ್ಯ ಬಂಗಲೆಯಲ್ಲಿ ತಂಗಿದ್ದರು. ಬಂಗಲೆ ಹಾಳಾಗಿದೆ, ಚಿಲುಮೆ ಉಳಿದಿದೆ. ಬಂದವರು ಬಗ್ಗಿ ಬೊಗಸೆ ಹಿಡಿಯುತ್ತಾರೆ, ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಕುಡಿಯುತ್ತಾರೆ, ಉಳಿದದ್ದನ್ನು ತಲೆಗೆ ಸವರಿಕೊಳ್ಳುತ್ತಾರೆ. ಈ ಕ್ರಮ ಯಾರೂ ಕಲಿಸಿದ್ದಲ್ಲ. ಬೆಂಗಳೂರಿನಿಂದ ಬೈಕಿನಲ್ಲಿ ಬಂದ ಹುಡುಗರೂ, ಮೊದಲು ಫೋಟೊ ತೆಗೆದುಕೊಂಡು, ಆಮೇಲೆ ಹೀಗೇ ಮಾಡುವುದನ್ನು ನೋಡಿದ್ದೇನೆ. ದೇವರಾಯನದುರ್ಗದ ಸುತ್ತ ಹುಟ್ಟುವ ಶಿಂಷಾ ನದಿ ಕಡಬದ ಕೆರೆಯನ್ನು ಹಾದು, ನಮ್ಮ ತುರುವೇಕೆರೆ ಸೀಮೆಯನ್ನು ಸವರಿಕೊಂಡು ಮಾರ್ಕೋನಹಳ್ಳಿ ಜಲಾಶಯಕ್ಕೆ ಇಳಿಯುತ್ತದೆ. ಹಾಗೆ ನೋಡಿದರೆ ನಾವು ಚಿಲುಮೆಯ ಕೆಳಮಗ್ಗುಲ ನೆಂಟರು.

ಕಾಯಿಲೆ ಗುಣವಾಗುವ ನೀರು ಬೇಕೆಂದರೆ ಜನ ಇನ್ನೂ ಮುಂದೆ, ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಹತ್ತುತ್ತಾರೆ. ಗುಹೆಯೊಳಗೆ ಸಿದ್ಧೇಶ್ವರನಿದ್ದಾನೆ, ಅಲ್ಲೇ ತಣ್ಣನೆಯ ನೀರಿದೆ. ಬೆಟ್ಟದ ತುಂಬ ಗಿಡಮೂಲಿಕೆ. ಮಳೆನೀರು ಆ ಬೇರುಗಳ ನಡುವೆ ಇಳಿದು ಬರುವುದರಿಂದ ಅದೇ ಕಷಾಯ ಎಂಬುದು ನಂಬಿಕೆ. ಕೀಲುನೋವು, ಚರ್ಮದ ಕಾಯಿಲೆ, ಗೊತ್ತು ಗುರಿಯಿಲ್ಲದ ಜ್ವರ, ಎಲ್ಲಕ್ಕೂ ಅದನ್ನು ಮೈಮೇಲೆ ಹೊಯ್ದುಕೊಳ್ಳುತ್ತಾರೆ. ಬೇರಿನ ಸಾರ ಬಂಡೆಯ ಬಿರುಕಿನ ನೀರಿನಲ್ಲಿ ಮದ್ದಿನ ಪ್ರಮಾಣದಲ್ಲಿ ಉಳಿಯುತ್ತದೆಂದು ನಾನು ನಂಬುವುದಿಲ್ಲ. ಆದರೆ ಕೀಲುನೋವಿನವರು ಮೆಟ್ಟಿಲು ಬಂಡೆ ಹತ್ತಿ ಹೋಗಿ, ತಣ್ಣೀರು ಹೊಯ್ದುಕೊಂಡು, ಇಳಿದು ಬಂದು, “ಹಗುರಾಯ್ತು” ಎಂದರೆ ಅವರು ಸುಳ್ಳು ಹೇಳುತ್ತಿದ್ದಾರೆಂದೂ ಅನ್ನುವುದಿಲ್ಲ.

ಶಿವಗಂಗೆಯ ಒಳಕಲ್ಲು ತೀರ್ಥದ್ದು ಇನ್ನೊಂದು ಬಗೆ. ಬಂಡೆಯೊಳಗೆ ಒರಳಿನಂಥ ಕಿರಿದಾದ ತೂತು, ಒಳಗೆಲ್ಲೋ ನೀರು. ಕೈ ಇಳಿಬಿಟ್ಟವರಿಗೆ ನೀರು ತಾಕಿದರೆ ಪುಣ್ಯವಂತರು, ತಾಕದಿದ್ದರೆ ಇನ್ನೊಮ್ಮೆ ಬರಬೇಕು. ಉದ್ದ ಕೈಯವರಿಗೆ ಪುಣ್ಯ ಸ್ವಲ್ಪ ಹೆಚ್ಚು ಎಂದು ನನ್ನ ಅನುಮಾನ. ಅಲ್ಲಿನ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುತ್ತದೆ, ಅದು ಮದ್ದು ಎಂದು ಡಬ್ಬಿಯಲ್ಲಿ ತರುವವರು ನಮ್ಮ ಕಡೆ ಈಗಲೂ ಇದ್ದಾರೆ. ಗಂಧಕದ ಬಿಸಿನೀರು ಬೇಕಾದವರಿಗೆ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥವಿದೆ. ಫ್ರಾನ್ಸಿನ ಲೂರ್ದ್‌ನಲ್ಲಿ 1858ರಿಂದ ಒಂದು ಚಿಲುಮೆಗೆ ವರ್ಷವರ್ಷವೂ ರೋಗಿಗಳು ಬರುತ್ತಿದ್ದಾರೆ. ಅಲ್ಲಿ ವೈದ್ಯರ ಮಂಡಳಿಯೊಂದು ಗುಣವಾದ ಪ್ರಕರಣಗಳನ್ನು ಪರೀಕ್ಷೆ ಮಾಡುತ್ತದೆ. ಇಷ್ಟು ವರ್ಷದಲ್ಲಿ ಚರ್ಚು ಪವಾಡವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು. ನಮ್ಮಲ್ಲಿ ಲೆಕ್ಕ ಇಡುವವರಿಲ್ಲ. ಗುಣವಾದವರು ಕಾಯಿ ಒಡೆಯುತ್ತಾರೆ, ಆಗದವರು ಸುಮ್ಮನಿರುತ್ತಾರೆ.

ನೀರಿಗೆ ಹೋಗಿ ಶುದ್ಧವಾಗಬೇಕಾದ್ದು ಮನುಷ್ಯರು ಮಾತ್ರ ಅಂತಲೂ ಇಲ್ಲ. ಜಾತ್ರೆಗೆ ಮುಂಚೆ ಊರ ದೇವರನ್ನೇ ಅಡ್ಡೆಯ ಮೇಲೆ ಹೊತ್ತು ಒರತೆಗೋ ಕೆರೆಗೋ ಗಂಗಾಸ್ನಾನಕ್ಕೆ ಒಯ್ಯುತ್ತಾರೆ. ಮುಂದೆ ಕೆಂಪು ಹಳದಿ ಮುಖದ ಸೋಮಗಳು ಕುಣಿಯುತ್ತವೆ, ದಾರಿಯುದ್ದ ಮಡಿವಾಳರು ನಡೆಮುಡಿ ಹಾಸುತ್ತಾರೆ. ನೀರಿನ ಹತ್ತಿರ ಬಂದಾಗ ಅಡ್ಡೆ ಹೊತ್ತವರ ಕಾಲು ತಾವಾಗಿ ಓಡತೊಡಗುತ್ತದೆ. ಅಮ್ಮನಿಗೆ ತವರು ಕಂಡಿತು ಎನ್ನುತ್ತಾರೆ ಹೆಂಗಸರು. ಮದುವೆ ಮನೆಯಲ್ಲಿ ಮುತ್ತೈದೆಯರು ಗಂಗೆ ತರಲು ಹೊರಡುವುದು, ಬಾಣಂತಿ ತಿಂಗಳು ಕಳೆದು ಮೊದಲ ಸಲ ನೀರಿಗೆ ಹೋದಾಗ ಬಾವಿಗೆ ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡುವುದು, ಮಕ್ಕಳಿಗೆ ‘ಅಮ್ಮ’ ಆದಾಗ ಮನೆಯಲ್ಲಿ ಒಗ್ಗರಣೆ ನಿಲ್ಲಿಸಿ, ಇಳಿದ ಮೇಲೆ ಬೇವಿನಸೊಪ್ಪಿನ ನೀರು ಹೊಯ್ದು ತಂಬಿಟ್ಟಿನಾರತಿ ಎತ್ತುವುದು, ಎಲ್ಲದರಲ್ಲೂ ನೀರಿಗೆ ಹೆಣ್ಣಿನ ಮರ್ಯಾದೆ. ಅವಳಿಗೆ ಸಿಟ್ಟು ಬರುತ್ತದೆ, ಹಸಿವಾಗುತ್ತದೆ, ಉಪಚಾರ ಮಾಡಿದರೆ ತಂಪಾಗುತ್ತಾಳೆ.

1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ನಮ್ಮ ತೋಟಗಳಿಗೂ ಬಂದಾಗ ಈ ಉಪಚಾರ ತೆಂಗಿನ ಮರಕ್ಕೂ ನಡೆಯಿತು. ಬರಿಗಣ್ಣಿಗೆ ಕಾಣದ ಹುಳ ಅದು, ಎಳೆಗಾಯಿಯ ತೊಟ್ಟಿನ ಕೆಳಗೆ ಕೂತು ರಸ ಹೀರುತ್ತದೆ. ಕಾಯಿ ಕಂದು ಬಿರುಕುಬಿಟ್ಟು ನಿಂಬೆಹಣ್ಣಿನಷ್ಟಾಗಿ ನಿಲ್ಲುತ್ತದೆ. ಪಕ್ಕದ ತೋಟದ ದೊಡ್ಡಪ್ಪ ಬೆಟ್ಟದ ತೀರ್ಥ ತಂದು ಮಾವಿನೆಲೆಯಲ್ಲಿ ಬುಡಬುಡಕ್ಕೆ ಚಿಮುಕಿಸಿದರು. ನಮ್ಮಪ್ಪ ಮರ ಹತ್ತುವವರನ್ನು ಕರೆಸಿ ಬೇವಿನೆಣ್ಣೆ ಹೊಡೆಸಿದ. ನುಸಿ ಇಬ್ಬರ ಮಾತನ್ನೂ ಪೂರ್ತಿ ಕೇಳಲಿಲ್ಲ. ಖರ್ಚಿನಲ್ಲಿ ಮಾತ್ರ ದೊಡ್ಡಪ್ಪ ಲಾಭದಲ್ಲಿದ್ದರು.

ಹಾಗಾದರೆ ಚಿಲುಮೆಯ ನೀರಿನಲ್ಲಿ ಗುಣ ಎಂಬುದು ಇರಲೇ ಇಲ್ಲವೆ? ಇತ್ತು ಎಂದೇ ನನ್ನ ಲೆಕ್ಕ. ಅದನ್ನು ಕಾಣಲು ಹಿಂದಿನ ಕಾಲದ ಕಾಯಿಲೆಗಳನ್ನು ನೆನೆಯಬೇಕು. ಕಜ್ಜಿ, ತುರಿ, ಕಣ್ಣುಬೇನೆ, ವಾಂತಿಭೇದಿ, ಎಲ್ಲವೂ ನೀರು ಸಾಲದೆ ಅಥವಾ ನೀರು ಕೆಟ್ಟು ಬರುವಂಥವು. ಕೊಳೆತ ಕಟ್ಟೆಯ ನೀರು ಬಳಸುವವನು ಹರಿಯುವ ಒರತೆಯ ಬಳಿ ಮೂರು ದಿನ ಉಳಿದು ಮೈ ತೊಳೆದರೆ ಅರ್ಧ ಕಜ್ಜಿ ಹೋಗಲೇಬೇಕು. ಇನ್ನೊಂದಿತ್ತು, ನಾರುಹುಣ್ಣು. ಈಗಿನವರಿಗೆ ಹೆಸರೂ ಗೊತ್ತಿಲ್ಲ, ಗೊತ್ತಾಗದಿರುವುದೇ ಒಳ್ಳೆಯದು. ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯೊಳಗೆ ಈ ಹುಣ್ಣು ತರುವ ಹುಳದ ಮರಿ ಇರುತ್ತದೆ. ಆ ನೀರು ಕುಡಿದ ಸುಮಾರು ಒಂದು ವರ್ಷದ ಮೇಲೆ ಕಾಲಿನ ಬೊಕ್ಕೆ ಒಡೆದು ದಾರದಂಥ ಹುಳ ತಲೆ ಹಾಕುತ್ತದೆ, ಮಾರುದ್ದದ ಅರ್ಧ ಇರುತ್ತದೆ. ಎಳೆದರೆ ತುಂಡಾಗುತ್ತದೆ, ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಇಷ್ಟು ಎಂದು ಹೊರಗೆ ತರಬೇಕು. ಉರಿ ತಾಳದೆ ರೋಗಿ ಮೆಟ್ಟಿಲುಬಾವಿಯಲ್ಲಿ ಕಾಲು ಇಳಿಬಿಟ್ಟ ಕೂಡಲೇ ಹುಳ ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುತ್ತದೆ. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಇದಿತ್ತು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದ್ದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತ ಎಂದು ಘೋಷಿಸಿತು. ಅದಕ್ಕೆ ಲಸಿಕೆಯಿರಲಿಲ್ಲ, ಮಾತ್ರೆಯಿರಲಿಲ್ಲ. ನೀರು ಸೋಸಿ ಕುಡಿಯಿರಿ, ಕುಡಿಯುವ ನೀರಿಗೆ ಕಾಲಿಡಬೇಡಿ ಎಂದು ಊರೂರಿಗೆ ಹೇಳಿದ್ದೇ ಔಷಧ.

ಚಿಲುಮೆಗೆ ಕಾಲಿಟ್ಟರೆ ಗಂಗಮ್ಮ ಕಾಲಿಗೇ ಶಾಪ ಕೊಡುತ್ತಾಳೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಎಂಜಲು ಉಗಿಯಬಾರದು, ಬಟ್ಟೆ ಒಗೆಯಬಾರದು, ದನ ಬಿಡಬಾರದು, ಮೊದಲ ನೀರು ಚೆಲ್ಲಬೇಕು. ಗುಣ ಇದ್ದದ್ದು ಈ ಕಟ್ಟುಪಾಡುಗಳಲ್ಲಿ. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯ ತಲಪರಿಗೆಗಳಲ್ಲೂ ಇದನ್ನೇ ಕಾಣಬಹುದು. ನೆಲದ ಒರತೆಯನ್ನು ಕಾಲುವೆ ತೋಡಿ ಊರಿಗೆ, ಗದ್ದೆಗೆ ಹರಿಸುವ ಏರ್ಪಾಡು ಅದು. ಹೂಳೆತ್ತಲು ಮನೆಗೊಂದು ಆಳು ಬರಬೇಕು.

ಎಲ್ಲ ಕಟ್ಟುಪಾಡನ್ನೂ ಹೊಗಳುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಮುಟ್ಟಾದ ಹೆಂಗಸು ಒರತೆಯ ಹತ್ತಿರ ಸುಳಿಯಬಾರದು ಎಂಬುದರಲ್ಲಿ ಯಾವ ಆರೋಗ್ಯಶಾಸ್ತ್ರವೂ ಇಲ್ಲ. ಕೇರಿಯವರು ದೂರ ನಿಂತು, ಯಾರಾದರೂ ಬಂದು ಬಿಂದಿಗೆಗೆ ಹೊಯ್ಯಲಿ ಎಂದು ಬಿಸಿಲಿನಲ್ಲಿ ಕಾಯಬೇಕಿದ್ದ ನೀರನ್ನು ರೋಗ ಕಳೆಯುವ ತೀರ್ಥ ಎಂದು ಕರೆದವರೂ ನಾವೇ. 1927ರ ಮಾರ್ಚ್‌ನಲ್ಲಿ ಮಹಾಡಿನ ಚೌದಾರ್ ಕೆರೆಯ ನೀರನ್ನು ಅಂಬೇಡ್ಕರ್ ಬೊಗಸೆಯಲ್ಲಿ ಎತ್ತಿ ಕುಡಿದದ್ದು ಯಾವ ಚರ್ಮರೋಗ ವಾಸಿಯಾಗಲೆಂದೂ ಅಲ್ಲ. ಕಾಯಿಲೆ ಇದ್ದದ್ದು ಕೆರೆಯ ದಡದ ಮೇಲೆ.

ಈಗ ನೀರು ಕೆಳಗೆ ಹೋಗಿದೆ, ಅದನ್ನು ಹುಡುಕುವುದಕ್ಕೂ ತೆಂಗಿನಕಾಯಿಯೇ ಬಂದಿದೆ. ಬೋರು ಪಾಯಿಂಟು ನೋಡುವವರು ಜುಟ್ಟು ಬಿಟ್ಟ ಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ತೋಟದಲ್ಲಿ ಅಡಿ ಅಡಿಯಾಗಿ ನಡೆಯುತ್ತಾರೆ. ಜಲದ ಎಳೆ ಸಿಕ್ಕ ಕಡೆ ಕಾಯಿ ಜುಟ್ಟು ಮೇಲೆ ಮಾಡಿ ಎದ್ದು ನಿಲ್ಲುತ್ತದೆ. ನಮ್ಮ ತೋಟದಲ್ಲಿ ನಾನೇ ಮಂಡಿಯೂರಿ ಕೂತು ಆ ಅಂಗೈಯನ್ನು ನೋಡಿದೆ. ಬೆರಳುಗಳು ಕೂದಲೆಳೆಯಷ್ಟು ಮಡಚಿಕೊಂಡವು, ಕಾಯಿ ಎದ್ದಿತು. ಆ ಜಾಗದಲ್ಲಿ 850 ಅಡಿ ಕೊರೆಸಿದೆವು, ಬಂದದ್ದು ಬಿಳಿ ಪುಡಿ. ಎರಡನೇ ಸಲ ಯಂತ್ರ ಇಟ್ಟು ನೋಡುವವರನ್ನು ಕರೆಸಿದೆವು, ಅದೂ ಪುಡಿಯೇ. ಆದ್ದರಿಂದ ಕಾಯಿಯನ್ನು ಮಾತ್ರ ಬೈಯುವುದು ನ್ಯಾಯವಲ್ಲ.

ಆಳದ ನೀರಿಗೆ ತನ್ನದೇ ರೋಗವಿದೆ. ಮೇಲಿನ ಮಣ್ಣು ಮರಳಿನಲ್ಲಿ ಇಳಿದು ಬೇಗ ಹೊರಬರುವ ಒರತೆಯ ನೀರಿಗೆ ಬಂಡೆಯ ಸಹವಾಸ ಕಡಿಮೆ. ನೂರಾರು ಅಡಿ ಕೆಳಗೆ ಗ್ರಾನೈಟಿನ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿಗೆ ಕಂದು ಗೆರೆ, ಇನ್ನೂ ಹೆಚ್ಚಾಗಿ ಬಹುಕಾಲ ಕುಡಿದರೆ ಕೀಲು ಬಿಗಿತ. ನಮ್ಮ ಜಿಲ್ಲೆಯ ಪಾವಗಡ ಇದಕ್ಕೆ ರಾಜ್ಯದಲ್ಲೇ ಕುಖ್ಯಾತ. ಹಿಂದೆ ಕೀಲುನೋವಿಗೆ ಚಿಲುಮೆಗೆ ಹೋಗುತ್ತಿದ್ದರು; ಈಗ ಚಿಲುಮೆ ಬಿಟ್ಟು ಬೋರು ಹಿಡಿದ ಮೇಲೆ ಕೀಲುನೋವು ಹುಡುಕಿಕೊಂಡು ಬಂತು. ಅದಕ್ಕೆ ಊರೂರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ. ಅಜ್ಜಿಯಂದಿರು ಹರಕೆ ಕಾಸನ್ನು ಒರತೆಗೆ ಹಾಕುತ್ತಿದ್ದರು, ನಾವು ಐದು ರೂಪಾಯಿ ನಾಣ್ಯವನ್ನು ಡಬ್ಬಿಯ ಸೀಳಿಗೆ ಹಾಕಿ 20 ಲೀಟರ್ ಕ್ಯಾನು ಹಿಡಿಯುತ್ತೇವೆ. ಕರೆಂಟಿದ್ದರೆ ಈ ದೇವರೂ ಒಲಿಯುತ್ತಾನೆ.

ಬೆಟ್ಟ ಮಳೆಯನ್ನು ಹೀರಿ ಹಿಡಿದರೆ ತಪ್ಪಲಿನಲ್ಲಿ ಒರತೆ. ಚಿಕ್ಕನಾಯಕನಹಳ್ಳಿ ಬೆಟ್ಟಗಳಲ್ಲಿ ಕಬ್ಬಿಣ, ಮ್ಯಾಂಗನೀಸಿಗಾಗಿ ದಶಕಗಟ್ಟಲೆ ಅಗೆದರು. ಸುಪ್ರೀಂ ಕೋರ್ಟು 2011ರ ಆಗಸ್ಟಿನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಕೆಲವಕ್ಕೆ ಷರತ್ತಿನ ಮೇಲೆ ಮತ್ತೆ ದಾರಿ ಬಿಟ್ಟಿತು. ನಮ್ಮ ಹಳ್ಳಕ್ಕೆ ಅಂಥ ದೊಡ್ಡ ಕೋರ್ಟು ಬೇಕಾಗಲಿಲ್ಲ. ರಾತ್ರಿ ಬರುತ್ತಿದ್ದ ಟ್ರ್ಯಾಕ್ಟರುಗಳು ಐದಾರು ವರ್ಷದಲ್ಲಿ ಮರಳನ್ನು ಗೋರಿಕೊಂಡು ಹೋದವು. ನಾನು ಉಪ್ಪು ಹಾಕಿದ ಜಾಗದಲ್ಲಿ ಈಗ ಜೇಡಿಯೂ ಜಾಲಿಯೂ ಇವೆ. ಹೇಮಾವತಿ ನಾಲೆಯ ನೀರು ಕೆರೆಗೆ ಬಂದ ವರ್ಷ ಹಳ್ಳದಲ್ಲಿ ಒಂದಿಷ್ಟು ತೇವ ಕಾಣುತ್ತದೆ. ಆದರೆ ಮರಳಿಲ್ಲದೆ ಅದು ತಿಳಿಯಾಗುವುದಿಲ್ಲ, ಕೆಸರಾಗುತ್ತದೆ.

ನಾಮದ ಚಿಲುಮೆಗೆ ಹೋಗುವವರಿದ್ದರೆ ಬೆಳಿಗ್ಗೆಯೇ ಹೋಗಿ, ಬೊಗಸೆಯಲ್ಲಿ ಕುಡಿಯಿರಿ, ತಂದ ಪ್ಲಾಸ್ಟಿಕ್ ಬಾಟಲಿಯನ್ನು ವಾಪಸು ಒಯ್ಯಿರಿ. ಯಾವುದೋ ಕಲ್ಯಾಣಿಗೆ ಉಪ್ಪು ಹಾಕುವ ಹರಕೆಯಿದ್ದರೆ ಹಾಕಿ, ಬೇಡ ಎನ್ನುವುದಿಲ್ಲ. ಉಪ್ಪು ಕರಗುತ್ತದೆ, ಪೊಟ್ಟಣ ಕರಗುವುದಿಲ್ಲ, ಅದನ್ನು ಜೇಬಿಗೆ ಹಾಕಿಕೊಳ್ಳಿ. ನಿಮ್ಮೂರಿನ ಹಳ್ಳದಲ್ಲಿ ಮರಳು ಇನ್ನೂ ಉಳಿದಿದ್ದರೆ ಈ ಬೇಸಿಗೆ ಮೊಳದುದ್ದ ತೋಡಿ ನೋಡಿ. ನೀರು ಬಂದರೆ ಚಿಪ್ಪನ್ನು ಅಲ್ಲೇ ಕಲ್ಲಿನ ಮೇಲೆ ಬೋರಲು ಹಾಕಿ ಬನ್ನಿ.